ಶಾಲೆಗೆ ಇನ್ನು ಒಂಬತ್ತೇ ದಿನ, ಮಗಳು ಏಳೋದು ಹತ್ತು ಗಂಟೆಗೆ

ಪುಟ್ಟಿಯಮ್ಮ, ಬೆಂಗಳೂರು
ಮೇ 24, ರಾತ್ರಿ 11:10

ಎಲ್ಲರಿಗೂ ನಮಸ್ಕಾರ. ಗಂಟೆ ಹನ್ನೊಂದು ದಾಟಿದೆ. ಮಗಳು ಪಕ್ಕದಲ್ಲಿ ಕೂತು ಹಲಸಿನ ಹಪ್ಪಳ ತಿನ್ನುತ್ತಿದ್ದಾಳೆ. ನಿದ್ದೆಯ ಸುಳಿವೇ ಇಲ್ಲ.

ಈ ವರ್ಷ ಮೂರನೇ ಕ್ಲಾಸು. ಏಪ್ರಿಲ್ ಎರಡನೇ ವಾರ ಶಿರಸಿಯ ಅಜ್ಜಿ ಮನೆಗೆ ಬಿಟ್ಟು ಬಂದಿದ್ದೆವು. ಮೊನ್ನೆ ಕರೆದುಕೊಂಡು ಬಂದೆವು. ಅಷ್ಟು ದಿನ ಅವಳಿಗೆ ಗಡಿಯಾರ ಅನ್ನುವುದೇ ಇರಲಿಲ್ಲ. ದೊಡ್ಡಮ್ಮ ಚಿಕ್ಕಮ್ಮನ ಮಕ್ಕಳೆಲ್ಲ ಸೇರಿ ರಾತ್ರಿ ಹನ್ನೆರಡರವರೆಗೆ ಜಗಲಿಯಲ್ಲಿ ಇಸ್ಪೀಟು. ಬೆಳಗ್ಗೆ ಎಚ್ಚರ ಆದಾಗ ಏಳೋದು, ಹಸಿವಾದಾಗ ಮಾವಿನಹಣ್ಣು. ಈಗ ಇಲ್ಲಿಗೆ ಬಂದ ಮೇಲೂ ಹತ್ತು ಗಂಟೆಗೆ ಮೊದಲು ಕಣ್ಣು ಬಿಡುವುದಿಲ್ಲ.

ಶಾಲೆ ಜೂನ್ 2ಕ್ಕೆ. ವ್ಯಾನು 7:35ಕ್ಕೆ ಗೇಟಿಗೆ ಬರುತ್ತೆ. ಅಂದರೆ ಆರೂವರೆಗೆ ಏಳಲೇಬೇಕು.

ಹೋದ ವರ್ಷದ ಕಥೆ ನೆನೆಸಿಕೊಂಡರೆ ಈಗಲೂ ಕೈ ನಡುಗುತ್ತೆ. ಮೊದಲ ದಿನ ನಿದ್ದೆಗಣ್ಣಲ್ಲೇ ಯೂನಿಫಾರ್ಮ್ ಹಾಕಿಸಿದೆ. ಶೂ ಕಾಲಿಗೆ ಹತ್ತಲೇ ಇಲ್ಲ, ಒಂದು ಬೆರಳಷ್ಟು ಚಿಕ್ಕದಾಗಿತ್ತು. ಚಪ್ಪಲಿಯಲ್ಲೇ ಕಳಿಸಿದೆ. ಬಾಯಲ್ಲಿ ದೋಸೆ ಇಟ್ಟುಕೊಂಡೇ ವ್ಯಾನ್ ಹತ್ತಿದಳು, ದಾರಿಯಲ್ಲಿ ವಾಂತಿ ಮಾಡಿಕೊಂಡಳು. ಸಂಜೆ ಡೈರಿ ತೆಗೆದರೆ ಚಪ್ಪಲಿ ಬಗ್ಗೆ ಕೆಂಪು ಇಂಕಿನಲ್ಲಿ ಎರಡು ಸಾಲು.

ನಮ್ಮ ಯಜಮಾನರು "ಎರಡು ದಿನ ಗದರಿದರೆ ಸರಿಹೋಗುತ್ತೆ" ಅಂತಾರೆ. ಅತ್ತೆ "ಪಾಪ, ಇರೋ ನಾಲ್ಕು ದಿನ ಮಲಗಲಿ ಬಿಡು" ಅಂತಾರೆ. ಇಬ್ಬರ ನಡುವೆ ನಾನು. ಮೇಲಿಂದ 40 ಪುಟ ಕಾಪಿ ರೈಟಿಂಗ್ ಬೇರೆ ಬಾಕಿ ಇದೆ. ಏನು ಮಾಡಲಿ, ಎಲ್ಲಿಂದ ಶುರು ಮಾಡಲಿ, ದಯವಿಟ್ಟು ಹೇಳಿ.


ಹುಬ್ಬಳ್ಳಿ ಅಪ್ಪ
ಮೇ 25, ಬೆಳಗ್ಗೆ 7:20

ಅಕ್ಕಾರ, ನಾ ಮಾಡಿದ ತಪ್ಪು ನೀವು ಮಾಡಬ್ಯಾಡ್ರಿ. ಹೋದ ಸಲ ನಾನು ರಾತ್ರಿಯ ಕಡೆಯಿಂದ ಹಿಡಿದೆ. ಒಂಬತ್ತಕ್ಕೆ ಸರಿಯಾಗಿ ಲೈಟ್ ಆಫ್, ಎಲ್ಲರೂ ಹಾಸಿಗೆಗೆ. ಆಗಿದ್ದೇನು? ಇಬ್ಬರೂ ಗಂಡುಮಕ್ಕಳು ಕತ್ತಲೆಯಲ್ಲಿ ಎರಡು ತಾಸು ಒದ್ದಾಡಿದರು. ಒಬ್ಬನಿಗೆ ನೀರು ಬೇಕು, ಇನ್ನೊಬ್ಬನಿಗೆ ಒಂದಕ್ಕೆ ಹೋಗಬೇಕು. ಕಡೆಗೆ ಸಣ್ಣವನು "ಪಪ್ಪಾ, ಫ್ಯಾನ್ ಒಂದು ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತೆ" ಅಂತ ಕೇಳಿದ. ನಾನೂ ಎಣಿಸುತ್ತಾ ಮಲಗಿಬಿಟ್ಟೆ. ಅವರು ಮಲಗಲಿಲ್ಲ.

ನಿದ್ದೆ ಬರದ ಮಗುವನ್ನು ಮಲಗಿಸೋಕೆ ಆಗಲ್ಲ. ಆದರೆ ಮಲಗಿದ ಮಗುವನ್ನು ಎಬ್ಬಿಸೋಕೆ ಆಗುತ್ತೆ. ಬೆಳಗ್ಗೆಯಿಂದ ಹಿಡೀರಿ, ರಾತ್ರಿ ತಾನಾಗೇ ದಾರಿಗೆ ಬರುತ್ತೆ. ಎರಡು ದಿನ ಮಕ್ಕಳು ಮುಖ ಊದಿಸಿಕೊಂಡು ಓಡಾಡುತ್ತಾರೆ, ಅಷ್ಟು ತಡೆದುಕೊಳ್ಳಬೇಕು.


ಶಿವಮೊಗ್ಗದ ಮಕ್ಕಳ ಡಾಕ್ಟರ್
ಮೇ 25, ಬೆಳಗ್ಗೆ 8:15

ಹುಬ್ಬಳ್ಳಿಯವರು ಹೇಳಿದ್ದು ಸರಿ. ಇದಕ್ಕೆ ಲೆಕ್ಕ ಇದೆ, ನೋಡಿ.

ಇವತ್ತಿಂದ ಜೂನ್ 2ರವರೆಗೆ ಒಂಬತ್ತು ಬೆಳಗು. ಹತ್ತು ಗಂಟೆಯಿಂದ ದಿನಕ್ಕೆ 25 ನಿಮಿಷದಂತೆ ಹಿಂದೆ ತಂದರೆ ಜೂನ್ 2ಕ್ಕೆ ಆರೂಕಾಲಿಗೆ ಬರುತ್ತೀರಿ. ವ್ಯಾನಿಗೆ ಬೇಕಾದಷ್ಟು ಸಮಯ ಸಿಕ್ಕಿತು. ಒಂದೇ ದಿನ ಮೂರೂವರೆ ಗಂಟೆ ಎಳೆದರೆ ದೇಹ ಒಪ್ಪುವುದಿಲ್ಲ. ಬೇರೆ ದೇಶದಿಂದ ವಿಮಾನದಲ್ಲಿ ಬಂದು ಇಳಿದವರ ಹಾಗೆ ಆಗುತ್ತೆ. ವ್ಯಾನಿನಲ್ಲಿ ವಾಂತಿ ಆಗಿದ್ದಕ್ಕೂ ಅರೆನಿದ್ದೆ, ಅವಸರದ ತಿಂಡಿ ಎರಡೂ ಕಾರಣ ಆಗಿರಬಹುದು.

ಎದ್ದ ಕೂಡಲೇ ಬೆಳಕು ಬೇಕು. ಪರದೆ ಸರಿಸಿ, ಹಲ್ಲುಜ್ಜಿಸಿ, ಬಾಲ್ಕನಿಯಲ್ಲೋ ಟೆರೇಸಿನಲ್ಲೋ ಒಂದು ಕಾಲು ಗಂಟೆ ಬಿಡಿ. ಗಿಡಕ್ಕೆ ನೀರು ಹಾಕಲಿ, ಸುಮ್ನೆ ಕೂತರೂ ಸರಿ. ಮೋಡ ಮುಚ್ಚಿದ ದಿನವೂ ಹೊರಗಿನ ಬೆಳಕು ಮನೆಯ ಟ್ಯೂಬ್‌ಲೈಟಿಗಿಂತ ಎಷ್ಟೋ ಪಟ್ಟು ಜಾಸ್ತಿ. ಮೆದುಳಿನ ಗಡಿಯಾರಕ್ಕೆ ಕೀಲಿ ಕೊಡೋದು ಅದೇ ಬೆಳಕು. ರಾತ್ರಿ ಅದಕ್ಕೆ ಉಲ್ಟಾ. ಮಲಗೋ ಒಂದು ಗಂಟೆ ಮೊದಲು ಟಿವಿ, ಫೋನ್ ಬಂದ್, ದೊಡ್ಡ ಲೈಟೂ ಬಂದ್.

6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು. ಆರೂವರೆಗೆ ಏಳೋ ಹುಡುಗಿ ಒಂಬತ್ತಕ್ಕೆ ಮಲಗಿದರೆ ಒಂಬತ್ತೂವರೆ ಗಂಟೆ ಸಿಕ್ಕಿತು. ಮೊದಲ ಮೂರು ದಿನ ಮಧ್ಯಾಹ್ನ ತೂಕಡಿಸುತ್ತಾಳೆ, ಆಗ ಮಲಗಲು ಬಿಡಬೇಡಿ. ಅಲ್ಲಿ ಕರಗಿದರೆ ರಾತ್ರಿ ಮತ್ತೆ ಹನ್ನೊಂದೇ.

ಇನ್ನೊಂದು ವಿಷಯ, ಯಾರೂ ಮಾತಾಡಲ್ಲ. ಕಕ್ಕಸು. ರಜೆಯಲ್ಲಿ ಮಗು ಹತ್ತೂವರೆ ಹನ್ನೊಂದಕ್ಕೆ ನಿಧಾನವಾಗಿ ಹೋಗುತ್ತಿರುತ್ತೆ. ಶಾಲೆ ಶುರುವಾದ ಮೇಲೆ ಆ ಹೊತ್ತಿಗೆ ಅದು ಕ್ಲಾಸಿನಲ್ಲಿ ಕೂತಿರುತ್ತೆ. ಶಾಲೆಯ ಟಾಯ್ಲೆಟ್ಟಿಗೆ ಹೋಗೋಕೆ ಮಕ್ಕಳಿಗೆ ಮನಸ್ಸಿಲ್ಲ, ತಡೆದುಕೊಳ್ಳುತ್ತಾರೆ. ನಾಲ್ಕು ದಿನ ತಡೆದರೆ ಹೊಟ್ಟೆ ಗಟ್ಟಿ, ಹೊಟ್ಟೆನೋವು, ಆಮೇಲೆ "ಶಾಲೆಗೆ ಹೋಗಲ್ಲ". ಜೂನ್ ತಿಂಗಳಲ್ಲಿ ನನ್ನ ಕ್ಲಿನಿಕ್ಕಿಗೆ ಬರೋ ಹೊಟ್ಟೆನೋವುಗಳಲ್ಲಿ ಇದು ತುಂಬಾ ಇರುತ್ತೆ. ಹೊಟ್ಟೆಗೆ ಏನಾದರೂ ಬಿದ್ದ ಮೇಲೆ ಕರುಳು ಚುರುಕಾಗುತ್ತೆ. ಹಾಗಾಗಿ ತಿಂಡಿಯನ್ನು ಹೊರಡೋ ಹೊತ್ತಿಗೆ ಇಡಬೇಡಿ. 20 ನಿಮಿಷ ಮೊದಲೇ ಕೊಡಿ, ತಿಂದ ಮೇಲೆ ಐದು ನಿಮಿಷ ಕೂರಿಸಿ. ಬಂತೋ ಇಲ್ಲವೋ ಅಂತ ಪೀಡಿಸಬೇಡಿ. ಇದನ್ನೂ ಈಗಿನಿಂದಲೇ ಶುರು ಮಾಡಿ.


ತೀರ್ಥಹಳ್ಳಿ ಅಜ್ಜ
ಮೇ 25, ಸಂಜೆ 5:40

ಅಮ್ಮಾ, ಒಂದು ಮಾತು ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ನೀನು ಈ ಪ್ರಶ್ನೆ ಬರೆದದ್ದು ರಾತ್ರಿ 11:10ಕ್ಕೆ. ಆ ಹೊತ್ತಿಗೆ ಹಪ್ಪಳ ಕರಿದದ್ದು ಯಾರು?


ಪುಟ್ಟಿಯಮ್ಮ, ಬೆಂಗಳೂರು
ಮೇ 25, ಸಂಜೆ 6:05

ಅಜ್ಜಾ... ನಾನೇ. 🙈


ತೀರ್ಥಹಳ್ಳಿ ಅಜ್ಜ
ಮೇ 25, ಸಂಜೆ 6:30

ಹಾಗಾದರೆ ದಾರಿ ತಪ್ಪಿದ್ದು ಮಗು ಒಂದೇ ಅಲ್ಲ ಅಂತಾಯಿತು. ಮನೆಯೇ ರಜೆಯಲ್ಲಿದೆ. ನಮ್ಮ ಮನೆಯಲ್ಲೂ ಅಷ್ಟೇ ಇತ್ತು. ಮೊಮ್ಮಕ್ಕಳು ಬಂದ ಮೇಲೆ ನನ್ನ ಊಟವೇ ಎಂಟರಿಂದ ಹತ್ತಕ್ಕೆ ಹೋಗಿತ್ತು. ದೊಡ್ಡವರು ಹಾಲ್‌ನಲ್ಲಿ ಟಿವಿ ಹಾಕಿಕೊಂಡು ನಗುತ್ತಾ ಕೂತರೆ ಒಳಗೆ ಯಾವ ಮಗು ಮಲಗುತ್ತೆ? ರಾತ್ರಿ ಊಟವನ್ನು ಎಂಟಕ್ಕೆ ತನ್ನಿ, ಎಲ್ಲರೂ ಒಟ್ಟಿಗೆ. ಆಮೇಲೆ ಎಲ್ಲ ಕೋಣೆಯ ದೀಪವೂ ಒಂದೇ ಹೊತ್ತಿಗೆ ಆರಲಿ. ನಿಮ್ಮ ಯಜಮಾನರದ್ದೂ ಸೇರಿ.

ನಮ್ಮ ಕಾಲದಲ್ಲಿ ಇಷ್ಟೆಲ್ಲ ಇರಲಿಲ್ಲ ಅಂತ ಹೇಳುವವನಿದ್ದೆ. ಆದರೆ ನಮ್ಮ ಕಾಲದಲ್ಲಿ ಕರೆಂಟೂ ಇರಲಿಲ್ಲ. ಹಾಗಾಗಿ ಅದರಲ್ಲಿ ನಮ್ಮ ಹೆಚ್ಚುಗಾರಿಕೆ ಏನಿಲ್ಲ.


ಕುಂದಾಪುರದ ಟೀಚರ್
ಮೇ 25, ರಾತ್ರಿ 8:15

ಅಜ್ಜನ ಮಾತಿಗೆ ನಂದೊಂದು ಲೈಕ್. ನಾನು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ 19 ವರ್ಷದಿಂದ ಇದ್ದೇನೆ. ನಮ್ಮಲ್ಲಿ ಮೇ 29ಕ್ಕೇ ಬಾಗಿಲು ತೆಗೆಯುತ್ತೇವೆ.

ಆ 40 ಪುಟದ ವಿಷಯ ಮೊದಲು. ಮಗು ಒಂದೇ ರಾತ್ರಿಯಲ್ಲಿ ಬರೆದದ್ದೋ ದಿನಾ ಬರೆದದ್ದೋ ನಮಗೆ ಒಂದು ಪುಟ ತಿರುವಿದರೆ ಗೊತ್ತಾಗುತ್ತದೆ ಮಾರಾಯ್ರೆ. ಅಮ್ಮಂದಿರು ಎಡಗೈಯಲ್ಲಿ ಬರೆದದ್ದೂ ಗೊತ್ತಾಗುತ್ತದೆ. ದಿನಕ್ಕೆ ಎರಡು ಪುಟ, ಬೆಳಗ್ಗೆ ತಿಂಡಿ ಆದ ಮೇಲೆ, ಒಂದೇ ಜಾಗದಲ್ಲಿ ಕೂತು. ಎಷ್ಟು ಮುಗಿಯಿತೋ ಅಷ್ಟು. ಉಳಿದದ್ದಕ್ಕೆ ಡೈರಿಯಲ್ಲಿ ನೀವೇ ಒಂದು ಸಾಲು ಬರೆದು ಕಳಿಸಿ. 40 ಪುಟ ಮುಗಿಸುವುದಕ್ಕಿಂತ ಬೆಳಗ್ಗೆ ಇಪ್ಪತ್ತು ನಿಮಿಷ ಕೂರುವ ಅಭ್ಯಾಸ ವಾಪಸ್ ಬರುವುದು ಮುಖ್ಯ. ಅದಕ್ಕೆ ಟೀಚರ್ ಬೈದರೆ ನನ್ನ ಹೆಸರು ಹೇಳಿ. 😄

ಎಲ್ಲ ಮರೆತುಹೋಗಿದ್ದಾಳೆ ಅಂತ ಭಯ ಬೇಡ. ಮರೆಯುವುದೇ. ನಮ್ಮ ಶಾಲೆಗಳಲ್ಲಿ ಅದಕ್ಕೇ ಸೇತುಬಂಧ ಅಂತ ಮಾಡುತ್ತೇವೆ. ಹಿಂದಿನ ತರಗತಿಯದ್ದು ಎಷ್ಟು ಉಳಿದಿದೆ ನೋಡಿ, ಬಿಟ್ಟುಹೋದದ್ದನ್ನು ಹೇಳಿಕೊಟ್ಟು ಆಮೇಲೆ ಹೊಸ ಪಾಠ. ರಜೆಯ ಕೊನೆಯ ವಾರ ಟ್ಯೂಷನ್ ಹಾಕಿ ಮಗ್ಗಿ ಅರೆಯುವುದು ಬೇಡ.

ಅದರ ಬದಲು ಒಂದು ಕೆಲಸ ಮಾಡಿ. ಪುಸ್ತಕ ಬಂದಿದ್ದರೆ ಬೈಂಡ್ ಹಾಕಲು ಅವಳನ್ನು ಕೂರಿಸಿಕೊಳ್ಳಿ. ನೀವೊಬ್ಬರೇ ರಾತ್ರಿ ಕೂತು ಮುಗಿಸಬೇಡಿ. ಕಂದು ಹಾಳೆ ನೆಲದ ಮೇಲೆ ಹರಡಿ, ಪುಸ್ತಕ ತೆರೆದಿಟ್ಟು, ಅಂಚನ್ನು ಅವಳು ಸ್ಕೇಲಿನಲ್ಲಿ ಒತ್ತಿ ಮಡಿಸಲಿ. ಮೂಲೆ ಸೊಟ್ಟ ಆಗುತ್ತದೆ, ಆಗಲಿ. ಲೇಬಲ್ಲಿನಲ್ಲಿ ಹೆಸರು ಅವಳೇ ಬರೆಯಲಿ. ಮಡಿಸುವಾಗ ಒಳಗಿನ ಚಿತ್ರ ಕಾಣುತ್ತದೆ. "ಅಮ್ಮಾ ಇದೇನು" ಅಂತ ಕೇಳುತ್ತಾಳೆ. ಶಾಲೆ ಶುರುವಾಗುವುದು ಅಲ್ಲಿ, ಜೂನ್ 2ಕ್ಕೆ ಅಲ್ಲ.

ಶೂ, ಯೂನಿಫಾರ್ಮ್, ರೇನ್‌ಕೋಟ್ ಇವತ್ತೇ ಹಾಕಿಸಿ ನೋಡಿ. ಬೇಸಿಗೆ ಕಳೆಯುವಷ್ಟರಲ್ಲಿ ಮಕ್ಕಳು ನಮಗೆ ಗೊತ್ತಾಗದ ಹಾಗೆ ಉದ್ದ ಆಗಿರುತ್ತಾರೆ. ಶೂ ಕೊಳ್ಳಲು ಸಂಜೆ ಹೋಗಿ, ಕಾಲುಚೀಲ ಹಾಕಿಸಿ ನೋಡಿ. ಹೇನೂ ನೋಡಿ! ಅಜ್ಜಿ ಮನೆಯಲ್ಲಿ ಐದಾರು ಮಕ್ಕಳು ಒಂದೇ ಹಾಸಿಗೆಯಲ್ಲಿ ಮಲಗಿರುತ್ತಾರೆ. ಒಬ್ಬಳ ತಲೆಯಿಂದ ಇಡೀ ಕ್ಲಾಸಿಗೆ ಹತ್ತುತ್ತದೆ. ಸಣ್ಣ ಬಾಚಣಿಗೆ, ಒದ್ದೆ ಕೂದಲು, ಸ್ವಲ್ಪ ತಾಳ್ಮೆ.


ವ್ಯಾನ್ ಅಣ್ಣ
ಮೇ 25, ರಾತ್ರಿ 9:40

ನಾನು ಬೆಂಗಳೂರಲ್ಲೇ ಸ್ಕೂಲ್ ವ್ಯಾನ್ ಓಡಿಸ್ತೀನಿ ಮೇಡಂ. 11 ವರ್ಷ ಆಯ್ತು. ಟೈಪ್ ಮಾಡೋದು ಸ್ವಲ್ಪ ಕಷ್ಟ, ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ.

ಮೊದಲ ದಿನ ಯಾರೂ ಅಳಲ್ಲ. ಹೊಸ ಬ್ಯಾಗು, ಹೊಸ ಬಾಟ್ಲು, ಎಲ್ಲ ತೋರಿಸೋ ಖುಷಿ. ಅಳೋದು ಮೂರನೇ ದಿನ, ನಾಲ್ಕನೇ ದಿನ. ಅಷ್ಟೊತ್ತಿಗೆ ಅಪ್ಪ ಅಮ್ಮ "ಅಬ್ಬಾ ಸರಿಹೋಯ್ತು" ಅಂತ ನೆಮ್ಮದಿಯಾಗಿ ಮತ್ತೆ ಲೇಟಾಗಿ ಏಳೋಕೆ ಶುರು ಮಾಡಿರ್ತಾರೆ. ನಾನು ಗೇಟಲ್ಲಿ ಹಾರ್ನ್ ಹೊಡೀತಾ ಇರ್ತೀನಿ.

ಒಂದು ಸಣ್ಣ ಉಪಾಯ. ಸ್ಕೂಲ್ ಶುರುವಾಗೋಕೆ ಎರಡು ದಿನ ಮುಂಚೆ, ಅದೇ ಟೈಮಿಗೆ, ಮಗೂನ ಕರ್ಕೊಂಡು ಗೇಟಿನ ಹತ್ರ ಬಂದು ನಿಂತು ವಾಪಸ್ ಹೋಗಿ. ಹಾಲು ತರೋಕೆ ಅಂತ ಬನ್ನಿ ಬೇಕಾದ್ರೆ. ಎದ್ದು ಇಳಿದು ಬರೋಕೆ ನಿಜವಾಗಿ ಎಷ್ಟು ಹೊತ್ತು ಬೇಕು ಅಂತ ಆಗ ಗೊತ್ತಾಗುತ್ತೆ. ಎಲ್ಲರೂ "ಐದು ನಿಮಿಷ" ಅಂತಾರೆ. ಲಿಫ್ಟ್ ಕಾಯೋದೇ ನಾಲ್ಕು ನಿಮಿಷ.

ಆಮೇಲೆ ಮಗು ವ್ಯಾನ್ ಹತ್ತಿದ ಮೇಲೆ ಕಿಟಕಿ ಹತ್ರ ನಿಂತು "ಅಳಬೇಡ ಕಂದಾ, ಅಳಬೇಡ" ಅಂತ ಹೇಳಬೇಡಿ. ಅಳದೇ ಇದ್ದ ಮಗೂನೂ ಅಳುತ್ತೆ. ಸಂಜೆ ಯಾರು ಬಂದು ಕರ್ಕೊಂಡು ಹೋಗ್ತಾರೆ ಅಂತ ಹೇಳಿ, ಟಾಟಾ ಮಾಡಿ, ತಿರುಗಿ ಹೋಗಿ. ಹೇಳದೆ ತಪ್ಪಿಸಿಕೊಂಡು ಹೋಗೋದು ಅದಕ್ಕಿಂತ ಮೋಸ. ಮಾರನೇ ದಿನ ನಿಮ್ಮ ಸೆರಗು ಬಿಡಲ್ಲ.


ನ್ಯೂಜೆರ್ಸಿ ಕನ್ನಡತಿ
ಮೇ 26, ಬೆಳಗ್ಗೆ 6:10

ಇಲ್ಲಿ ಇನ್ನೂ ರಜೆ ಶುರುವಾಗಿಲ್ಲ. ಆದರೂ ಓದುತ್ತಾ ಹೊಟ್ಟೆ ಹಿಡಿದು ನಕ್ಕೆ. ನಮ್ಮ ಮಕ್ಕಳಿಗೆ ಸೆಪ್ಟೆಂಬರ್ ಮೊದಲ ವಾರ ಶಾಲೆ. ಒಂದು ಸಲ ಮೈಸೂರಿನಿಂದ ಶಾಲೆಗೆ ಎರಡು ದಿನ ಇದ್ದಾಗ ವಾಪಸ್ ಬಂದೆವು. ಒಂಬತ್ತೂವರೆ ಗಂಟೆ ವ್ಯತ್ಯಾಸ. ರಾತ್ರಿ ಎರಡಕ್ಕೆ ಇಬ್ಬರೂ ಎದ್ದು "ಅಮ್ಮಾ ಹಸಿವು" ಅಂತ ಕೂತರು. ಉಪ್ಪಿಟ್ಟು ಮಾಡಿಕೊಟ್ಟೆ. ಮಧ್ಯಾಹ್ನ ಕ್ಲಾಸಿನಲ್ಲಿ ಮಗ ಡೆಸ್ಕಿನ ಮೇಲೆ ಮಲಗಿದ್ದಾನೆ ಅಂತ ಶಾಲೆಯಿಂದ ಫೋನು. ಒಂದು ಗಂಟೆ ವ್ಯತ್ಯಾಸಕ್ಕೆ ಒಂದು ದಿನ ಅಂತ ಇಲ್ಲಿಯವರು ಲೆಕ್ಕ ಹಾಕುತ್ತಾರೆ. ಈಗ ಟಿಕೆಟ್ ಎಷ್ಟೇ ದುಬಾರಿ ಆದರೂ ಹತ್ತು ದಿನ ಮೊದಲೇ ಬರುತ್ತೇವೆ. ಬೆಳಗ್ಗೆ ಎಬ್ಬಿಸಿ ಪಾರ್ಕಿಗೆ ಎಳೆದುಕೊಂಡು ಹೋಗುತ್ತೇನೆ. ಡಾಕ್ಟರ್ ಮೇಡಂ ಹೇಳಿದ ಬೆಳಕಿನ ಮಾತು ನೂರಕ್ಕೆ ನೂರು ನಿಜ.


ಒಂಬತ್ತನೇ ಕ್ಲಾಸ್ ಹುಡುಗ
ಮೇ 26, ರಾತ್ರಿ 10:30

ಅಮ್ಮನ ಫೋನಿಂದ ಬರೀತಾ ಇದ್ದೀನಿ. ಅಮ್ಮಂಗೆ ಗೊತ್ತು. ಎಲ್ಲರೂ ಸಣ್ಣ ಮಕ್ಕಳ ಬಗ್ಗೆನೇ ಹೇಳ್ತಿದ್ದೀರ. ನನಗೆ ಒಂಬತ್ತಕ್ಕೆ ನಿಜವಾಗ್ಲೂ ನಿದ್ದೆ ಬರಲ್ಲ, ನಾಟಕ ಅಲ್ಲ. ಮತ್ತೆ ಒಂದು ರಿಕ್ವೆಸ್ಟ್. ರಜೆ ಇಡೀ ಫೋನ್ ಕೊಟ್ಟು ಕೊನೇ ದಿನ ರಾತ್ರಿ ಕಿತ್ತುಕೊಂಡು ಬೀರುವಿನಲ್ಲಿ ಇಡ್ತಾರೆ. ಹಾಗೆ ಮಾಡಬೇಡಿ. ಒಂದು ವಾರ ಮುಂಚೆ ಹೇಳಿ, ಸ್ವಲ್ಪ ಸ್ವಲ್ಪ ಕಮ್ಮಿ ಮಾಡಿ. ಮೊದಲ ದಿನ ಮನೆಗೆ ಬಂದ ಕೂಡಲೇ "ಈ ವರ್ಷ 90 ಮೇಲೆ ಬರಬೇಕು" ಅಂತಾನೂ ಹೇಳಬೇಡಿ. ಶೂ ಬಿಚ್ಚೋಕಾದ್ರೂ ಬಿಡಿ.


ಶಿವಮೊಗ್ಗದ ಮಕ್ಕಳ ಡಾಕ್ಟರ್
ಮೇ 27, ಮಧ್ಯಾಹ್ನ 1:50

ತಮ್ಮಾ, ನೀನು ಹೇಳಿದ್ದು ನಾಟಕ ಅಲ್ಲ. ಹದಿವಯಸ್ಸಿನಲ್ಲಿ ದೇಹದ ಗಡಿಯಾರವೇ ಸ್ವಲ್ಪ ಮುಂದಕ್ಕೆ ಜರುಗುತ್ತೆ, ನಿದ್ದೆ ತಡವಾಗಿ ಬರುತ್ತೆ. 13ರಿಂದ 18 ವರ್ಷದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಹತ್ತು ಗಂಟೆಗೆ ಮಲಗಿ ಆರಕ್ಕೆ ಎದ್ದರೆ ನಡೆಯುತ್ತೆ. ಆದರೆ ಈ ಮೆಸೇಜು ಹತ್ತೂವರೆಗೆ ಬಂದಿದೆ, ತೀರ್ಥಹಳ್ಳಿ ಅಜ್ಜ ನೋಡಿಬಿಟ್ಟಾರು!


ರಾಯಚೂರು ಕಡೆ ಮೇಷ್ಟ್ರು
ಮೇ 27, ರಾತ್ರಿ 8:00

ಪರದೆ, ಬಾಲ್ಕನಿ, ಲಿಫ್ಟು ಅಂತೆಲ್ಲ ಓದುತ್ತಾ ನನ್ನ ಶಾಲೆಯ ಮಕ್ಕಳು ನೆನಪಾದರು. ತಪ್ಪು ಹುಡುಕುತ್ತಿಲ್ಲ, ಹೇಳಬೇಕು ಅನಿಸಿತು.

ನಮ್ಮಲ್ಲಿ ರಜೆ ಅಂದರೆ ಎಷ್ಟೋ ಮನೆಗಳಲ್ಲಿ ಗುಳೆ. ತಂದೆತಾಯಿ ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋಗುತ್ತಾರೆ, ಮಕ್ಕಳೂ ಜೊತೆಗೆ. ಮಳೆ ಬಿದ್ದು ಬಿತ್ತನೆ ಹೊತ್ತಿಗೆ ವಾಪಸ್ ಬರುತ್ತಾರೆ. ಶಾಲೆ ಶುರುವಾಗಿ ಎರಡು ಮೂರು ವಾರ ಆಗಿರುತ್ತೆ. ಆ ಮಗುವಿಗೆ ಬೇಗ ಏಳೋದು ಕಷ್ಟವೇ ಅಲ್ಲ. ನಾಲ್ಕಕ್ಕೇ ಎದ್ದು ರೂಢಿ. ಬೆಂಚಿನ ಮೇಲೆ ಒಂದೇ ಕಡೆ ಕೂರುವುದು ಕಷ್ಟ. ತಡವಾಗಿ ಬಂದೆ ಅನ್ನುವ ನಾಚಿಕೆ ಇನ್ನೂ ಕಷ್ಟ. ಬಾಗಿಲ ಹತ್ತಿರ ನಿಂತು ಒಳಗೆ ಬರುವುದಿಲ್ಲ.

ನಾನು "ಎಲ್ಲಿ ಹೋಗಿದ್ದಿ, ಇಷ್ಟು ದಿನ ಯಾಕ ಬರಲಿಲ್ಲ" ಅಂತ ಎಲ್ಲರ ಮುಂದೆ ಕೇಳುವುದನ್ನು ಬಿಟ್ಟೆ. ಬಂದ ದಿನವೇ ಒಂದು ಕೆಲಸ ಕೊಡುತ್ತೇನೆ. ಗಂಟೆ ಹೊಡೆಯುವುದು, ಹಾಲಿನ ಲೋಟ ಎಣಿಸುವುದು, ಬಿಸಿಯೂಟಕ್ಕೆ ಸಾಲು ನಿಲ್ಲಿಸುವುದು. ಹೋದ ವರ್ಷ ಒಬ್ಬ ಹುಡುಗ ಮೂರು ದಿನ ಗಂಟೆ ಹೊಡೆಯಲಿಕ್ಕೆ ಮಾತ್ರ ಶಾಲೆಗೆ ಬಂದ. ನಾಲ್ಕನೇ ದಿನ ಪಾಟಿ ಕೇಳಿದ.


ಹುಬ್ಬಳ್ಳಿ ಅಪ್ಪ
ಮೇ 27, ರಾತ್ರಿ 8:35

ಸರ್, ನಿಮಗೊಂದು ದೊಡ್ಡ ನಮಸ್ಕಾರ. ಈ ಕೆಲಸ ಕೊಡೋದು ನಮ್ಮ ಮನೆಯಾಗೂ ನಡೀತದ. ಇವತ್ತಿಂದ ಸಣ್ಣವನಿಗೆ ಬಾಟ್ಲಿ ತುಂಬಿಸೋ ಡ್ಯೂಟಿ.


ಪುಟ್ಟಿಯಮ್ಮ, ಬೆಂಗಳೂರು
ಮೇ 29, ಬೆಳಗ್ಗೆ 8:50

ವರದಿ ಒಪ್ಪಿಸುತ್ತಿದ್ದೇನೆ. ಎಲ್ಲರಿಗೂ ಒಟ್ಟಿಗೆ ಬರೆಯುತ್ತೇನೆ, ಕ್ಷಮಿಸಿ.

ಮೊದಲ ದಿನ 9:35ಕ್ಕೆ ಎಬ್ಬಿಸಿದೆ, ಸುಲಭ. ಎರಡನೇ ದಿನ 9:10, ಪರವಾಗಿಲ್ಲ. ಮೂರನೇ ದಿನ 8:45ಕ್ಕೆ ಎಬ್ಬಿಸಿದಾಗ "ಇನ್ನೂ ರಜೆ ಇದೆ, ನೀನು ಮೋಸ ಮಾಡ್ತಿದ್ದೀಯ" ಅಂತ ಅತ್ತಳು. ಅತ್ತೆಯವರ ಮುಖ ನೋಡಬೇಕಿತ್ತು. ನನಗೂ ಪಾಪ ಅನಿಸಿತು. ಕೊನೆಗೆ ಅತ್ತೆಯೇ ಅವಳನ್ನು ಟೆರೇಸಿಗೆ ಕರೆದುಕೊಂಡು ಹೋಗಿ ದಾಸವಾಳ ಕೀಳಿಸಿದರು. ಈಗ ಅದು ದಿನದ ಕೆಲಸ ಆಗಿದೆ, ಪೂಜೆಗೆ ಐದು ಹೂವು. ಇವತ್ತು 7:55ಕ್ಕೆ ಎದ್ದಳು, ಕಿರಿಕಿರಿ ಇಲ್ಲ.

ನಿನ್ನೆ ಬೈಂಡ್ ಹಾಕಿದೆವು. ಐದು ಪುಸ್ತಕದಲ್ಲಿ ಮೂರರ ಮೂಲೆ ಸೊಟ್ಟ. ಲೇಬಲ್ಲಿನಲ್ಲಿ ಹೆಸರಿನ ಮುಂದೆ ಒಂದು ಬೆಕ್ಕು ಬರೆದಿದ್ದಾಳೆ. ಶೂ ಎರಡು ಸೈಜ್ ದೊಡ್ಡದು ಬೇಕಾಯಿತು. ಎರಡು! ಹೇನೂ ಸಿಕ್ಕಿತು, ಟೀಚರ್‌ಗೆ ಧನ್ಯವಾದ. ಬಾಚಿದ್ದು ಮೂರು ಸಂಜೆ. ಕಡೆಗೆ ನನ್ನ ತಲೆಯಲ್ಲೂ ಎರಡು.

ಕಷ್ಟ ಆಗಿದ್ದು ಯಜಮಾನರಿಗೆ. ರಾತ್ರಿ ಒಂಬತ್ತಕ್ಕೆ ಟಿವಿ ಬಂದ್ ಅಂದೆ. "ನಾನೇನು ಮೂರನೇ ಕ್ಲಾಸಾ?" ಅಂದರು.


ಕುಂದಾಪುರದ ಟೀಚರ್
ಮೇ 29, ಸಂಜೆ 6:20

ಹ್ಹ ಹ್ಹ! ಇವತ್ತು ನಮ್ಮಲ್ಲೂ ಶಾಲೆ ತೆರೆಯಿತು. ಒಂದನೇ ತರಗತಿಯ ಹುಡುಗನೊಬ್ಬ ಅಜ್ಜನ ಕೊಡೆ ಹಿಡಿದುಕೊಂಡು ಬಂದಿದ್ದ. ಕೊಡೆಯೇ ನಡೆದುಕೊಂಡು ಬಂದ ಹಾಗೆ ಕಾಣುತ್ತಿತ್ತು. ನಮ್ಮ ಕರಾವಳಿಯಲ್ಲಿ ಇನ್ನೊಂದು ತೊಂದರೆ. ನಾಲ್ಕು ದಿನ ಶಾಲೆಗೆ ಬಂದು ಅಭ್ಯಾಸ ಆಗುವಷ್ಟರಲ್ಲಿ ಜೋರು ಮಳೆ, ಜಿಲ್ಲಾಧಿಕಾರಿಗಳಿಂದ ರಜೆ. ಹಿಂದಿನ ರಾತ್ರಿಯೇ ಮಕ್ಕಳು ಮೋಡ ನೋಡುತ್ತಾ ಕೂರುತ್ತಾರೆ. ಮಳೆ ರಜೆ ಸಿಕ್ಕಿದರೂ ಎಬ್ಬಿಸುವ ಹೊತ್ತು ಬದಲಿಸಬೇಡಿ ಅಂತ ನಾನು ಪೋಷಕರಿಗೆ ಹೇಳುತ್ತೇನೆ. ಕೇಳುವವರು ಕಮ್ಮಿ. ನನ್ನ ಮನೆಯಲ್ಲೇ ಕೇಳುವುದಿಲ್ಲ.


ಪುಟ್ಟಿಯಮ್ಮ, ಬೆಂಗಳೂರು
ಜೂನ್ 5, ಬೆಳಗ್ಗೆ 8:10

ವ್ಯಾನ್ ಅಣ್ಣ ಹೇಳಿದ್ದು ಅಕ್ಷರಕ್ಷರ ನಿಜ ಆಯಿತು. ಸೋಮವಾರ ಕುಣಿಯುತ್ತಾ ಹೋದಳು. ಮಂಗಳವಾರ ಸುಮ್ಮನೆ ಹೋದಳು. ನಿನ್ನೆ ಹೊಟ್ಟೆನೋವು ಅಂದಳು, ಕಳಿಸಿದೆ. ಇವತ್ತೂ ಹೊಟ್ಟೆನೋವು, ಅಳು. ಆರೂವರೆಗೆ ಚೆನ್ನಾಗಿಯೇ ಎದ್ದಿದ್ದಳು, ಹೂವೂ ಕಿತ್ತಳು. ನಿದ್ದೆ ಸಮಸ್ಯೆ ಅಲ್ಲ. ಕಕ್ಕಸಿಗೂ ಸರಿಯಾಗಿ ಹೋಗುತ್ತಿದ್ದಾಳೆ. ವ್ಯಾನ್ ಬಿಟ್ಟೆವು, ಮನೆಯಲ್ಲೇ ಇದ್ದಾಳೆ. ಡಾಕ್ಟರ್ ಮೇಡಂ, ಏನು ಮಾಡಲಿ? ಯಜಮಾನರು "ನಾಟಕ" ಅಂತಿದ್ದಾರೆ.


ಶಿವಮೊಗ್ಗದ ಮಕ್ಕಳ ಡಾಕ್ಟರ್
ಜೂನ್ 5, ಬೆಳಗ್ಗೆ 8:40

ಮೊದಲು ಇದನ್ನು ನೋಡಿ. ಜ್ವರ, ವಾಂತಿ, ಭೇದಿ, ಉಚ್ಚೆ ಮಾಡುವಾಗ ಉರಿ ಇದೆಯಾ? ನೋವಿನಿಂದ ರಾತ್ರಿ ನಿದ್ದೆಯಲ್ಲಿ ಎದ್ದಳಾ? ಕಕ್ಕಸಿನಲ್ಲಿ ರಕ್ತ ಇದೆಯಾ? ಒಂದೇ ಬದಿಯಲ್ಲಿ, ಅದರಲ್ಲೂ ಬಲಗಡೆ ಕೆಳಗೆ ಬೆರಳಿಟ್ಟು ತೋರಿಸುತ್ತಾಳಾ? ಇದರಲ್ಲಿ ಒಂದಿದ್ದರೂ ಇವತ್ತೇ ಡಾಕ್ಟರಿಗೆ ತೋರಿಸಿ, ಇಲ್ಲಿ ಓದುತ್ತಾ ಕೂರಬೇಡಿ.

ಇದ್ಯಾವುದೂ ಇಲ್ಲದೆ, ಹೊಕ್ಕುಳ ಸುತ್ತ ಅಂಗೈ ಆಡಿಸಿ ತೋರಿಸಿ, ವ್ಯಾನ್ ಹೋದ ಮೇಲೆ ಕಮ್ಮಿ ಆಗಿದ್ದರೆ ಅದು ಮನಸ್ಸಿನ ಹೆದರಿಕೆ ಹೊಟ್ಟೆಗೆ ಇಳಿದದ್ದು ಇರಬಹುದು. ಆದರೂ ನಾಟಕ ಅಲ್ಲ. ನೋವು ನಿಜವಾಗಿಯೂ ಆಗುತ್ತೆ. ಪರೀಕ್ಷೆ ದಿನ ನಮಗೆ ಹೊಟ್ಟೆ ತಿರುಚುತ್ತಿರಲಿಲ್ವಾ?

"ಯಾಕೆ ಹೋಗಲ್ಲ" ಅಂತ ಕೇಳಬೇಡಿ. ಅದಕ್ಕೆ ಮಕ್ಕಳ ಹತ್ತಿರ ಉತ್ತರ ಇರುವುದಿಲ್ಲ. ಶಾಲೆಯ ದಿನವನ್ನು ತುಂಡು ಮಾಡಿ ಕೇಳಿ. ವ್ಯಾನಿನಲ್ಲಿ ಹೇಗಿತ್ತು? ಪ್ರಾರ್ಥನೆ ಹೊತ್ತಿಗೆ? ಮೊದಲ ಪೀರಿಯಡ್ಡು? ಊಟಕ್ಕೆ ಯಾರ ಜೊತೆ ಕೂತೆ? ಟಾಯ್ಲೆಟ್ಟಿಗೆ ಹೋದೆಯಾ? ಒಂದು ಕಡೆ ಮಾತು ನಿಲ್ಲುತ್ತೆ. ಅಲ್ಲೇ ಇದೆ ಅಂತ ತಿಳಿಯಿರಿ. ಕೇಳೋದು ಎದುರು ಕೂರಿಸಿಕೊಂಡಲ್ಲ. ಬಟಾಣಿ ಬಿಡಿಸುತ್ತಲೋ ತಲೆ ಬಾಚುತ್ತಲೋ ಕೇಳಿ.

ನಾಳೆ ಕಳಿಸಿ, ತಡವಾದರೂ ಸರಿ. ಮನೆಯಲ್ಲಿ ಒಂದು ದಿನ ಕೂತರೆ ಮಾರನೇ ದಿನ ಇನ್ನೂ ಕಷ್ಟ. ಶಾಲೆಯಲ್ಲಿ ಯಾರೋ ಹೊಡೆದರು, ಮುಟ್ಟಬಾರದ ಹಾಗೆ ಮುಟ್ಟಿದರು ಅಂತೇನಾದರೂ ಬಾಯಿಬಿಟ್ಟರೆ ಅದು ಬೇರೆಯೇ ವಿಷಯ. ಆಗ ಕಳಿಸೋ ಮಾತೇ ಬೇಡ, ಮಗುವನ್ನು ನಂಬಿ. 1098 ಮಕ್ಕಳ ಸಹಾಯವಾಣಿ ಇದೆ. ಹೆದರಿಕೆ ವಾರಗಟ್ಟಲೆ ಎಳೆದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಬಹುದು. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.


ಪುಟ್ಟಿಯಮ್ಮ, ಬೆಂಗಳೂರು
ಜೂನ್ 5, ಸಂಜೆ 7:30

ಜ್ವರ ಗಿರ ಏನೂ ಇಲ್ಲ. ಎಂಟೂವರೆಗೆಲ್ಲ ನೋವು ಮಾಯ.

ಸಂಜೆ ಜಡೆ ಹಾಕುತ್ತಾ ಕೇಳಿದೆ. ವ್ಯಾನು ಚೆನ್ನಾಗಿತ್ತಂತೆ. ಪ್ರಾರ್ಥನೆ ಚೆನ್ನಾಗಿತ್ತಂತೆ. ಹೊಸ ಮಿಸ್ ಒಳ್ಳೆಯವರಂತೆ. ಊಟದ ಹೊತ್ತಿಗೆ ಅಂದೆ. ಸುಮ್ಮನಾದಳು. ಜಡೆ ಮುಗಿದು ರಿಬ್ಬನ್ ಕಟ್ಟೋವರೆಗೂ ಮಾತಿಲ್ಲ. ಆಮೇಲೆ "ನಾನು ಡಬ್ಬಿ ಯಾರ ಜೊತೆ ತೆಗೀಲಿ?" ಅಂದಳು.

ಎಲ್‌ಕೆಜಿಯಿಂದ ಜೊತೆಗಿದ್ದ ಗೆಳತಿಯನ್ನು ಈ ವರ್ಷ ಬಿ ಸೆಕ್ಷನ್‌ಗೆ ಹಾಕಿದ್ದಾರೆ. ಅದು ನನಗೆ ಗೊತ್ತೇ ಇರಲಿಲ್ಲ. ಒಂಬತ್ತು ದಿನ ನಿಮಿಷ ಲೆಕ್ಕ ಹಾಕಿದ್ದೆ, ಇದನ್ನು ಕೇಳಿರಲಿಲ್ಲ. ಡಬ್ಬಿ ನೋಡಿದರೆ ಮೂರು ದಿನದಿಂದ ಅರ್ಧ ಹಾಗೇ ವಾಪಸ್ ಬರುತ್ತಿತ್ತು. ಚಪಾತಿ ಗಟ್ಟಿಯಾಗಿರಬೇಕು ಅಂದುಕೊಂಡಿದ್ದೆ.


ಕುಂದಾಪುರದ ಟೀಚರ್
ಜೂನ್ 5, ರಾತ್ರಿ 8:05

ಅಯ್ಯೋ ಪಾಪ. ಸೆಕ್ಷನ್ ಬದಲಿಸಿ ಅಂತ ಜಗಳಕ್ಕೆ ಹೋಗಬೇಡಿ, ಸಾಮಾನ್ಯವಾಗಿ ಒಪ್ಪುವುದಿಲ್ಲ. ಕ್ಲಾಸ್ ಟೀಚರಿಗೆ ಡೈರಿಯಲ್ಲಿ ಎರಡೇ ಸಾಲು ಬರೆಯಿರಿ. "ಮಗಳು ಊಟದ ಹೊತ್ತಿಗೆ ಒಬ್ಬಳೇ ಆಗುತ್ತಿದ್ದಾಳೆ, ಜೊತೆಗೆ ಯಾರನ್ನಾದರೂ ಕೂರಿಸಲು ಸಾಧ್ಯವೇ?" ಅಷ್ಟು ಸಾಕು. ಮೊದಲ ವಾರ ನಮಗೆ 35 ಮುಖ ಹೊಸದು, ಯಾರು ಒಬ್ಬರೇ ತಿನ್ನುತ್ತಾರೆ ಅಂತ ಕಾಣುವುದಿಲ್ಲ. ಹೇಳಿದರೆ ಕಾಣುತ್ತದೆ. ಮತ್ತೆ ಡಬ್ಬಿಯಲ್ಲಿ ಹಂಚಿ ತಿನ್ನುವಂಥದ್ದು ನಾಲ್ಕು ಜಾಸ್ತಿ ಇಡಿ, ಚಕ್ಕುಲಿಯೋ ಕೋಡುಬಳೆಯೋ.


ವ್ಯಾನ್ ಅಣ್ಣ
ಜೂನ್ 5, ರಾತ್ರಿ 9:00

ಆ ಗೆಳತಿ ಅದೇ ವ್ಯಾನಲ್ಲಿ ಬರ್ತಾಳಾ ಕೇಳಿ ಮೇಡಂ. ಬರ್ತಾ ಇದ್ರೆ ನಿಮ್ಮ ಡ್ರೈವರಿಗೆ ಒಂದು ಮಾತು ಹೇಳಿ, ಪಕ್ಕ ಪಕ್ಕ ಕೂರಿಸ್ತಾರೆ. ನಮಗೆ ಸೀಟ್ ಬದಲಾಯಿಸೋಕೆ ಯಾರ ಪರ್ಮಿಷನ್ನೂ ಬೇಡ.


ಪುಟ್ಟಿಯಮ್ಮ, ಬೆಂಗಳೂರು
ಜೂನ್ 14, ರಾತ್ರಿ 8:20

ತಡವಾಗಿ ಬರೆಯುತ್ತಿದ್ದೇನೆ. ಈ ವಾರ ಒಂದೂ ವ್ಯಾನ್ ತಪ್ಪಿಲ್ಲ.

ಗೆಳತಿ ಅದೇ ವ್ಯಾನಿನಲ್ಲೇ ಇದ್ದಳು, ಹಿಂದಿನ ಸೀಟು. ಈಗ ಇಬ್ಬರೂ ಒಟ್ಟಿಗೆ. ಡೈರಿಗೆ ಮಿಸ್ ಮಾರನೇ ದಿನವೇ ಉತ್ತರ ಬರೆದರು, ಇನ್ನಿಬ್ಬರು ಹುಡುಗಿಯರ ಜೊತೆ ಕೂರಿಸಿದ್ದಾರೆ. ಅದರಲ್ಲಿ ಒಬ್ಬಳು ಕೋಡುಬಳೆ ಮಾತ್ರ ತಿನ್ನುತ್ತಾಳೆ, ಮಾತಾಡಲ್ಲ ಅಂತ ಪುಟ್ಟಿಯ ದೂರು. ಸೋಮವಾರ ಬೆಳಗ್ಗೆ ಹೊಟ್ಟೆನೋವು ಸ್ವಲ್ಪ ಬಂದಿತ್ತು. "ನೋವಿದೆ, ಗೊತ್ತು, ಹೋಗಿ ಬಾ" ಅಂದೆ. ಹೋದಳು. ಕಾಪಿ ರೈಟಿಂಗ್ 14 ಪುಟ ಆಗಿತ್ತು, ಅಷ್ಟನ್ನೇ ಕೊಟ್ಟೆವು. ಯಾರೂ ಕೇಳಲಿಲ್ಲ.

ಯಜಮಾನರು ಒಂಬತ್ತೂವರೆಗೆ ಗೊರಕೆ ಹೊಡೆಯುತ್ತಿರುತ್ತಾರೆ.


ತೀರ್ಥಹಳ್ಳಿ ಅಜ್ಜ
ಜೂನ್ 14, ರಾತ್ರಿ 8:25

ಒಳ್ಳೆಯದಾಯಿತಮ್ಮ. ಹಪ್ಪಳ?


ಪುಟ್ಟಿಯಮ್ಮ, ಬೆಂಗಳೂರು
ಜೂನ್ 14, ರಾತ್ರಿ 8:31

ಸಂಜೆ ಐದಕ್ಕೆ, ದಿನಕ್ಕೆ ಎರಡು. ಡಬ್ಬ ಮೇಲಿನ ಶೆಲ್ಫಿಗೆ ಹೋಗಿದೆ ಅಜ್ಜ. ಈಗ ಅಡುಗೆಮನೆಯಲ್ಲಿ ಸ್ಟೂಲ್ ಎಳೆಯೋ ಸದ್ದಾಯಿತು. ನೋಡಿ ಬರುತ್ತೇನೆ.